ಜೋಗಿಮಟ್ಟಿ ಚಾರಣಕ್ಕೆ ಸೀಟಿ: ಯಾವುದನ್ನು ಕೊಳ್ಳಬೇಕು, ಎಷ್ಟು ಸಲ ಊದಬೇಕು?

ದುರ್ಗದ ಉಪನ್ಯಾಸಕ (ಪ್ರಶ್ನೆ)

ಮಳೆಗಾಲ ಮುಗಿದ ಮೇಲೆ ನಮ್ಮ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳನ್ನು ಚಂದ್ರವಳ್ಳಿಗೂ, ಅರಣ್ಯ ಇಲಾಖೆಯ ಅನುಮತಿ ಪಡೆದು ಜೋಗಿಮಟ್ಟಿಗೂ ಕರೆದೊಯ್ಯುವ ಯೋಚನೆಯಿದೆ. ಬಂಡೆಗಳ ಸಂದಿನಲ್ಲಿ ಹತ್ತು ಹೆಜ್ಜೆ ಹಿಂದೆ ಬಿದ್ದವರೂ ಕಣ್ಣಿಗೆ ಕಾಣುವುದಿಲ್ಲ. ಗುಡ್ಡದ ಮರೆಯಲ್ಲಿ ಮೊಬೈಲ್ ಸಿಗ್ನಲ್ಲನ್ನು ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದೊಂದು ಸೀಟಿ ಕೊಡಿಸೋಣವೆಂದುಕೊಂಡಿದ್ದೇನೆ. ಆಪತ್ತು ಬಂದಾಗ ಮೂರು ಸಲ ಊದಬೇಕೆಂದು ಕೆಲವರು, ಆರು ಸಲವೆಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ? ಪಿ.ಟಿ. ಮೇಷ್ಟ್ರು ಬಳಸುವ ಮಾಮೂಲಿ ಸೀಟಿಯೇ ಸಾಕಾಗುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಸ್ಕೌಟ್ ಶಿಬಿರಗಳ ಹಳಬ, ದಾವಣಗೆರೆ

ಎರಡೂ ಸರಿಯೇ ಸರ್, ಆದರೆ ಅವು ಬೇರೆ ಬೇರೆ ಕಡೆಯ ರೂಢಿಗಳು. ಆಲ್ಪ್ಸ್ ಪರ್ವತಗಳಲ್ಲಿ ಬಳಕೆಗೆ ಬಂದು ಬ್ರಿಟನ್ನಿನಲ್ಲೂ ನಡೆಯುತ್ತಿರುವ ಪದ್ಧತಿಯಂತೆ, ಒಂದು ನಿಮಿಷದೊಳಗೆ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದಬೇಕು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಉತ್ತರ ಅಮೆರಿಕದಲ್ಲಾದರೋ ಮೂರು ಸಲ ಊದುವುದೇ ಆಪತ್ತಿನ ಕರೆ. ಅಂದರೆ ಒಂದು ಕಡೆಯ ಕೂಗು ಇನ್ನೊಂದು ಕಡೆಯ ಉತ್ತರವಾಗಿದೆ. ನಿಮ್ಮ ತಂಡದಲ್ಲಿ ಅರ್ಧ ಮಂದಿ ಒಂದನ್ನು, ಅರ್ಧ ಮಂದಿ ಮತ್ತೊಂದನ್ನು ಕಲಿತು ಬಂದರೆ ಗುಡ್ಡದ ಆಚೆಗೂ ಈಚೆಗೂ ಕೂತು ಪರಸ್ಪರ ಉತ್ತರ ಕೊಡುತ್ತಲೇ ಇರುತ್ತಾರೆ.

ಗಾಬರಿಗೊಂಡ ಹುಡುಗ ತಪ್ಪದೆ ಆರರವರೆಗೆ ಎಣಿಸುತ್ತಾನೆಂಬ ಭರವಸೆ ನನಗಿಲ್ಲ. ಆದ್ದರಿಂದ ಮೂರು ಉದ್ದ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಮೂರು ಎಂದಿಟ್ಟುಕೊಳ್ಳಿ. ಹುಡುಕುವವರ ಉತ್ತರ ಎರಡು ಸೀಟಿಯಾಗಿರಲಿ. ಬಸ್ಸಿನಲ್ಲಿ ಕಂಡಕ್ಟರು ಎರಡು ಸಲ ಊದಿದರೆ ‘ರೈಟ್’ ಎಂಬುದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಆದರೆ ಇಲ್ಲಿ ಹೊರಡಬೇಕಾದವರು ಹುಡುಕುವವರೇ ಹೊರತು ದಾರಿ ತಪ್ಪಿದವನಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅವನು ಕೂತಲ್ಲಿಂದ ಕದಲಬಾರದು. ಉತ್ತರ ಕೇಳಿದೊಡನೆ ಊದುವುದನ್ನು ನಿಲ್ಲಿಸಲೂಬಾರದು, ಬರುವವರು ಕಣ್ಣಿಗೆ ಬೀಳುವವರೆಗೆ ಊದುತ್ತಲೇ ಇರಬೇಕು. ಎಷ್ಟೋ ಮಂದಿ ಎಡವುವುದು ಇಲ್ಲೇ.

ಇನ್ನು ಹುಡುಕುವವರ ಶಿಸ್ತು. ಎಲ್ಲರೂ ಒಟ್ಟಿಗೆ ಹೆಸರು ಹಿಡಿದು ಕೂಗುತ್ತ ನಡೆದರೆ ಏನೂ ಕೇಳಿಸುವುದಿಲ್ಲ. ಒಬ್ಬರು ಊದಬೇಕು, ಆಮೇಲೆ ಮಾತು, ಹೆಜ್ಜೆ ಎಲ್ಲವನ್ನೂ ನಿಲ್ಲಿಸಿ ಎಲ್ಲರೂ ಪೂರ್ತಿ ಒಂದು ನಿಮಿಷ ಕಿವಿಗೊಡಬೇಕು. ದುರ್ಗದ ಹೆಬ್ಬಂಡೆಗಳ ನಡುವೆ ಸದ್ದು ಎದುರಿನ ಬಂಡೆಗೆ ತಗುಲಿ ಮರಳುವುದರಿಂದ, ಎಡಕ್ಕಿರುವವನು ಬಲಕ್ಕಿದ್ದಾನೆಂದು ತೋರುವುದುಂಟು. ಅದಕ್ಕೆ ಇಬ್ಬರು ಮೂವತ್ತು ನಲವತ್ತು ಮಾರು ದೂರ ದೂರ ನಿಂತು, ಸೀಟಿ ಕೇಳಿದ ಕ್ಷಣವೇ ಒಬ್ಬರನ್ನೊಬ್ಬರು ನೋಡದೆ ಕೈ ತೋರಿಸಬೇಕು. ಎರಡು ಕೈಗಳ ಗೆರೆ ಎಲ್ಲಿ ಕೂಡುತ್ತದೆಯೋ ಅತ್ತ ಹೋಗಬೇಕು. ಎರಡು ಗೆರೆಗಳು ಕೂಡದೆ ಬೇರೆ ಬೇರೆ ದಿಕ್ಕಿಗೆ ಹೋದರೆ ಕೇಳಿದ್ದು ಪ್ರತಿಧ್ವನಿಯಿರಬಹುದು. ಜಾಗ ಬದಲಿಸಿ ಮತ್ತೆ ನೋಡಿ.

ಭೌತಶಾಸ್ತ್ರದ ವಿದ್ಯಾರ್ಥಿನಿ, ಹರಿಹರ

ಸೀಟಿಯ ಆಯ್ಕೆಯ ಬಗ್ಗೆ ಒಂದೆರಡು ಮಾತು. ಪಿ.ಟಿ. ಮೇಷ್ಟ್ರ ಸೀಟಿಯೊಳಗೆ ಒಂದು ಪುಟ್ಟ ಗುಂಡು ಇರುತ್ತದೆ. ಎಂಜಲು, ಮಣ್ಣು, ಮಳೆನೀರು ಸೇರಿದರೆ ಅದು ಅಂಟಿಕೊಂಡು ಸದ್ದೇ ಹೊರಡದಿರಬಹುದು. ಕೆನಡಾದ ಬ್ಯಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಅವರಿಗೆ ಪಂದ್ಯದ ನಡುವೆಯೇ ಹೀಗಾಯಿತು. ಆ ಬೇಸರದಿಂದ ಅವರು ಗುಂಡಿಲ್ಲದ ಸೀಟಿಯನ್ನು ಮಾಡಿಸಿ 1987ರಲ್ಲಿ ‘ಫಾಕ್ಸ್ 40’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಆ ಹೆಸರಿನದೇ ಆಗಬೇಕೆಂದಿಲ್ಲ, ಗುಂಡಿಲ್ಲದ ಯಾವುದಾದರೂ ಗಟ್ಟಿ ಪ್ಲಾಸ್ಟಿಕ್ ಸೀಟಿ ಸಾಕು. ಕೊಂಡ ಮೇಲೆ ಒಂದು ಲೋಟ ನೀರಿನಲ್ಲಿ ಅದ್ದಿ, ತೆಗೆದ ಕೂಡಲೇ ಊದಿ ನೋಡಿ. ಮೊದಲ ಉಸಿರಿಗೇ ನೀರು ಚಿಮ್ಮಿ ಸದ್ದು ಹೊರಡಬೇಕು. ಗುಳುಗುಳು ಎಂದರೆ ಅಂಗಡಿಗೆ ವಾಪಸು ಕೊಡಿ.

ಪೊಟ್ಟಣದ ಮೇಲೆ ಅಚ್ಚಾದ ಡೆಸಿಬೆಲ್ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಏಕೆಂದರೆ ಎಷ್ಟು ದೂರದಲ್ಲಿ ಅಳೆದದ್ದೆಂದು ಬರೆದಿರುವುದೇ ಅಪರೂಪ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಇದ್ದದ್ದು 100 ಮೀಟರಿಗೆ 70, ಒಂದು ಕಿಲೋಮೀಟರಿಗೆ 50. ಇದೂ ಲೆಕ್ಕದ ಮಾತು, ಗಿಡಮರ, ಗುಡ್ಡಗಳು ಇನ್ನಷ್ಟನ್ನು ನುಂಗುತ್ತವೆ. ಆದರೂ ಸೀಟಿಯ ಸ್ವರ ನಮ್ಮ ಕಿವಿ ಅತಿ ಚುರುಕಾಗಿ ಹಿಡಿಯುವ ಎರಡರಿಂದ ನಾಲ್ಕು ಸಾವಿರ ಹರ್ಟ್ಜ್‌ನ ಆಸುಪಾಸಿನಲ್ಲಿ ಇರುವುದರಿಂದ ಕೂಗಿಗಿಂತ ಬಹಳ ಮುಂದೆ ಹೋಗುತ್ತದೆ, ಗಂಟಲೂ ಕಟ್ಟುವುದಿಲ್ಲ.

ಗಾಳಿಯನ್ನು ಮರೆಯಬೇಡಿ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಗಾಳಿಗೆ ಎದುರಾಗಿ ಹೊರಟ ಸದ್ದು ಮೇಲಕ್ಕೆ ಬಾಗಿ ನೆಲದ ಮೇಲಿರುವವರ ತಲೆಯ ಮೇಲೆಯೇ ಹಾದುಹೋಗುತ್ತದೆ. ಹೀಗಾಗಿ ಗಾಳಿ ಬರುವ ದಿಕ್ಕಿಗಿರುವವರಿಗೆ ಕೇಳಿಸದೆ, ಗಾಳಿ ಹೋಗುವ ದಿಕ್ಕಿಗಿರುವವರಿಗೆ ದೂರದಲ್ಲೂ ಕೇಳಿಸಬಹುದು. ಹುಡುಕುವವರು ಗಾಳಿ ಸಾಗುವ ಬದಿಗೂ ಒಬ್ಬರನ್ನು ಕಳಿಸಿದರೆ ಒಳ್ಳೆಯದು.

ಜಗಳೂರು ಕಡೆಯ ರೈತ

ನಮ್ಮದು ಕೊಂಡುಕುರಿಗಳಿರುವ ರಂಗಯ್ಯನದುರ್ಗ ಅರಣ್ಯದ ಮಗ್ಗುಲಿನ ಊರು. ಮೇಲಿನವರು ಹೇಳಿದ್ದೆಲ್ಲ ಒಪ್ಪಿದೆ, ಆದರೆ ಸೀಟಿ ಕರಡಿಗೆ ಮದ್ದೆಂದು ಮಕ್ಕಳು ತಿಳಿಯಬಾರದು. ಕರಡಿ ಮೈಮೇಲೆ ಬೀಳುವುದು ಹೆಚ್ಚಾಗಿ ಹತ್ತಿರದಲ್ಲಿ ಹಠಾತ್ತನೆ ಎದುರಾದಾಗ. ಆಗ ಸೀಟಿ ಊದಿ ಇನ್ನಷ್ಟು ಬೆಚ್ಚಿಸುವುದರಲ್ಲಿ ಅರ್ಥವಿಲ್ಲ. ಪೊದೆ, ಬಂಡೆಗಳ ತಿರುವಿನಲ್ಲಿ ಸಹಜವಾಗಿ ಮಾತಾಡುತ್ತ ನಡೆದರೆ ಅದೇ ದೂರ ಸರಿಯುತ್ತದೆ. ಆಟಕ್ಕೆಂದು ಕಾಡಿನಲ್ಲಿ ಊದಿದವರ ಸೀಟಿಯನ್ನು ಅಲ್ಲೇ ಕಿತ್ತುಕೊಳ್ಳಿ, ಯಾಕೆಂದರೆ ನಾಲ್ಕು ಸಲ ಸುಳ್ಳು ಸೀಟಿ ಕೇಳಿದ ಮೇಲೆ ಐದನೆಯದಕ್ಕೆ ಯಾರೂ ಎದ್ದು ಬರುವುದಿಲ್ಲ.

ಸೀಟಿಯನ್ನು ಬ್ಯಾಗಿನ ಒಳಗೆ ಹಾಕಿದರೆ ಪ್ರಯೋಜನವಿಲ್ಲ. ಜಾರಿ ಬಿದ್ದಾಗ ಬ್ಯಾಗೇ ಬೇರೆ ಕಡೆ ಹೋಗಿರುತ್ತದೆ. ಕೊರಳಿಗೆ ಗಟ್ಟಿ ದಾರದಲ್ಲಿ ಕಟ್ಟಿದರೆ ಕೊಂಬೆಗೆ ಸಿಕ್ಕಿಕೊಳ್ಳುವ ಭಯ. ಅಂಗಿಯ ಗುಂಡಿಗೋ ಜೇಬಿನ ಅಂಚಿಗೋ ಗಿಡ್ಡ ದಾರದಿಂದ ಕಟ್ಟಿ, ಒಂದು ಕೈ ಏಳದಿದ್ದರೂ ಇನ್ನೊಂದರಿಂದ ಬಾಯಿಗೆ ಎಟುಕುವಂತಿರಲಿ. ಸಿಗ್ನಲ್ ಸಿಕ್ಕ ಕಡೆ 112ಕ್ಕೆ ಕರೆ ಮಾಡುವುದು ಇದ್ದೇ ಇದೆ.

ದುರ್ಗದ ಉಪನ್ಯಾಸಕ

ಎಲ್ಲರಿಗೂ ಧನ್ಯವಾದಗಳು. ಮೂರಕ್ಕೆ ಎರಡು ಎಂಬ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ. ಜೊತೆಗೆ ಬರುವ ಅರಣ್ಯ ಕಾವಲುಗಾರರಿಗೂ ಇದನ್ನು ಮೊದಲೇ ತಿಳಿಸಬೇಕೇ?

ಸ್ಕೌಟ್ ಶಿಬಿರಗಳ ಹಳಬ, ದಾವಣಗೆರೆ

ಖಂಡಿತ ತಿಳಿಸಿ ಸರ್, ಅವರ ಕೈಗೂ ಒಂದು ಸೀಟಿ ಕೊಡಿ. ಹೊರಡುವ ಮುನ್ನ ಕಾಲೇಜಿನ ಮೈದಾನದಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕಟ್ಟಡದ ಹಿಂದೆ ಅಡಗಿಸಿ, ಉಳಿದವರಿಂದ ಹುಡುಕಿಸಿ ನೋಡಿ.