ಡೆಮೊದಲ್ಲಿ ‘ಚೆನ್ನಾಗಿದೆ’ ಅನ್ನುವ ಗ್ರಾಹಕರ ಜೊತೆ ಕೆಲಸ ಮಾಡೋದು ಹೇಗೆ?

ಪ್ರಶ್ನೆ: ನಾವು ಸಾಫ್ಟ್‌ವೇರ್ ಮಾಡುವವರು. ನಮ್ಮದು ಎರಡು ವಾರದ ಸ್ಪ್ರಿಂಟ್, ಅಂದರೆ ಎರಡೆರಡು ವಾರಕ್ಕೆ ಒಂದಷ್ಟು ಕೆಲಸ ಮುಗಿಸಿ ಗ್ರಾಹಕರಿಗೆ ಡೆಮೊ ತೋರಿಸುತ್ತೇವೆ. ಪ್ರತಿ ಡೆಮೊದಲ್ಲೂ ಗ್ರಾಹಕರು ‘ಚೆನ್ನಾಗಿದೆ, ಮುಂದುವರಿಸಿ’ ಅನ್ನುತ್ತಾರೆ. ರಿಲೀಸ್ ಆದ ಮೇಲೆ ‘ನಾವು ಕೇಳಿದ್ದು ಇದಲ್ಲ’ ಅನ್ನುತ್ತಾರೆ. ಎರಡು ಸಲ ಹೀಗೇ ಆಯಿತು. ಅನುಭವ ಇದ್ದವರು ಹೇಳಿ.

ಉತ್ತರ 1: ಡೆಮೊಗೆ ಬರುವವರು ಯಾರು? ದಿನಾ ಅದನ್ನು ಬಳಸುವವರಾ, ಅವರ ಮೇಲಿನವರಾ? ನಮಗೂ ಇದೇ ಪೆಟ್ಟು ಬಿದ್ದಿತ್ತು. ಗೋದಾಮಿಗೆ ಬರುವ ಸರಕಿನ ಎಂಟ್ರಿ ಸ್ಕ್ರೀನ್ ಮಾಡಿದ್ದೆವು. ಮ್ಯಾನೇಜರ್ ಮೂರು ಡೆಮೊ ನೋಡಿದರು, ಮೂರಕ್ಕೂ ತಲೆಯಾಡಿಸಿದರು. ಕೊನೆಗೆ ಒಂದು ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು, ಎಂಟ್ರಿ ಮಾಡುವ ಹುಡುಗನ ಪಕ್ಕ ಸುಮ್ನೆ ಕೂತೆ. ಅವನು ಎಲ್ಲವನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡು, ಸಂಜೆ ಒಟ್ಟಿಗೆ ಟೈಪ್ ಮಾಡುತ್ತಿದ್ದ. ಯಾಕಪ್ಪಾ ಅಂದರೆ, ಲಾರಿ ಬರುವುದು ಬೆಳಿಗ್ಗೆ, ಇನ್‌ವಾಯ್ಸ್ ನಂಬರ್ ಮೇಲ್‌ನಲ್ಲಿ ಬರುವುದು ಮಧ್ಯಾಹ್ನ. ಆ ಕಾಲಂ ನಾವು ಕಡ್ಡಾಯ ಮಾಡಿಬಿಟ್ಟಿದ್ದೆವು. ನಂಬರ್ ಹಾಕದೆ ಸೇವ್ ಆಗುತ್ತಲೇ ಇರಲಿಲ್ಲ! ಸರಿ ಮಾಡಿದ್ದು ಅರ್ಧ ದಿನದ ಕೆಲಸ. ಆದರೆ ಮ್ಯಾನೇಜರಿಗೆ ಆ ಚೀಟಿಯ ವಿಷಯವೇ ಗೊತ್ತಿರಲಿಲ್ಲ.

ಈಗ ಡೆಮೊದಲ್ಲಿ ನಾನು ಮೌಸ್ ಮುಟ್ಟುವುದಿಲ್ಲ. ಅವರ ಕೈಗೇ ಕೊಟ್ಟು, ಅವರ ನಿನ್ನೆಯ ಎಂಟ್ರಿಗಳನ್ನೇ ಹಾಕಿಸುತ್ತೇನೆ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ‘ಅಲ್ಲಲ್ಲ, ಆ ಬಟನ್’ ಅನ್ನದೆ ಇರೋದೇ ಕಷ್ಟ, ಅಲ್ವಾ?

ಉತ್ತರ 2: ಪಕ್ಕ ಕೂರುವುದು ಸರಿ. ಆದರೆ ಒಬ್ಬರನ್ನೇ ಹಿಂಡಬೇಡಿ. ಗ್ರಾಹಕರನ್ನು ತಂಡದ ಜೊತೆಗೇ ಕೂರಿಸಿಕೊಂಡು ಸಾಫ್ಟ್‌ವೇರ್ ಬರೆಯುವ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿ ರೂಪುಗೊಂಡದ್ದು ಕ್ರೈಸ್ಲರ್ ಕಂಪನಿಯ ಸಂಬಳ ಲೆಕ್ಕದ ಪ್ರಾಜೆಕ್ಟಿನಲ್ಲಿ. ಅಲ್ಲೇ ಗ್ರಾಹಕರ ಪ್ರತಿನಿಧಿ ಒತ್ತಡ ತಾಳದೆ ಬಿಟ್ಟು ಹೋದರು. ಪ್ರಾಜೆಕ್ಟ್ ಕೂಡ 2000ದಲ್ಲಿ ನಿಂತಿತು. ನಾವು ವಾರಕ್ಕೆ ಎರಡು ಸಲ, ಒಂದೊಂದು ಗಂಟೆ ಅಂತ ಗೊತ್ತು ಮಾಡಿಕೊಂಡಿದ್ದೇವೆ.

ಉತ್ತರ 3: ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತಿನಲ್ಲಿ ಮಾಡಿ ತೋರಿಸಬೇಕು ಅನ್ನುವವರ 2001ರ ಅಜೈಲ್ ಪ್ರಣಾಳಿಕೆ ಕರಾರಿನ ಚೌಕಾಸಿಗಿಂತ ಗ್ರಾಹಕರ ಜೊತೆಗಿನ ಕೆಲಸಕ್ಕೆ ಬೆಲೆ ಜಾಸ್ತಿ ಅನ್ನುತ್ತದೆ. ಒಪ್ಪುತ್ತೇನೆ. ಆದರೆ ಮೊದಲೇ ಮೊತ್ತ ಗೊತ್ತು ಮಾಡಿಕೊಂಡ ಫಿಕ್ಸೆಡ್ ಬಿಡ್‌ನಲ್ಲಿ ಸಲಿಗೆ ಜಾಸ್ತಿಯಾದರೆ ಪ್ರತಿ ಮಾತೂ ಹೊಸ ಕೆಲಸ. ‘ಅದೂ ಇರಲಿ’ ಅಂದಾಗ ‘ಹಾಗಾದರೆ ಯಾವುದನ್ನು ಕೆಳಗೆ ತಳ್ಳೋಣ?’ ಅಂತ ಕೇಳುತ್ತೇನೆ. ಅದಕ್ಕೆ ಉತ್ತರ ಹೇಳುವವರು ಒಬ್ಬರೇ ಇರಬೇಕು. ಪ್ರಾಡಕ್ಟ್ ಓನರ್ (ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವವರು) ಅಂದರೆ ಒಬ್ಬ ವ್ಯಕ್ತಿ, ಸಮಿತಿ ಅಲ್ಲ ಅಂತ ಸ್ಕ್ರಮ್, ಅಂದರೆ ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಪದ್ಧತಿ, ಹೇಳುವುದೂ ಇದನ್ನೇ. ಮಾರಾಟದವರು ಒಂದು ಹೇಳಿ, ಲೆಕ್ಕಪತ್ರದವರು ಇನ್ನೊಂದು ಹೇಳಿ, ಒಂದೇ ರಿಪೋರ್ಟನ್ನು ಮೂರು ಸಲ ಬರೆದವರು ನಾವು.

ಪ್ರಶ್ನೆ ಕೇಳಿದವರು: ಮೊದಲ ಉತ್ತರ ಓದಿ ಹಳೆಯ ಮೀಟಿಂಗ್‌ಗಳ ಹಾಜರಿ ತೆಗೆದು ನೋಡಿದೆ. ಏಳು ಡೆಮೊ, ಬಳಸುವವರು ಒಬ್ಬರೂ ಬಂದಿಲ್ಲ! ಬಿಲ್ಲಿಂಗ್‌ನವರ ಪಕ್ಕ ಕೂರಲೇ ಅಂತ ಕೇಳಿದೆ. ‘ಅವರಿಗೆ ಪುರುಸೊತ್ತಿಲ್ಲ, ನಮ್ಮನ್ನೇ ಕೇಳಿ’ ಅಂತ ಮ್ಯಾನೇಜರ್ ಉತ್ತರ.

ಉತ್ತರ 1: ನನಗೂ ಹಾಗೇ ಹೇಳಿದ್ದರು. ಒಂದು ಗಂಟೆ ಸಮಯ ಮಾತ್ರ ಕೇಳಿ. ‘ಏನೂ ಕೇಳುವುದಿಲ್ಲ, ನೋಡುತ್ತೇನೆ ಅಷ್ಟೇ’ ಅನ್ನಿ. ಆದರೆ ಮ್ಯಾನೇಜರಿಗೂ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ.