ಸಹಾಯ ಬೇಕು: ಪ್ಲೈ, ಎಂಡಿಎಫ್‌ಗೆ ಯಾವ ಸ್ಟ್ರೇಟ್ ಬಿಟ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸುವ, ತಿರುಗುವ ಬಿಟ್‌ನಿಂದ ಹಲಗೆ ಕತ್ತರಿಸುವ ಯಂತ್ರ), ಕ್ಯಾಬಿನೆಟ್ ಕೆಲಸ. ಹೆಚ್ಚಾಗಿ ಕತ್ತರಿಸುವುದು ಎರಡೂ ಕಡೆ ಲ್ಯಾಮಿನೇಟ್ ಹಚ್ಚಿದ 18 ಎಂಎಂ ಪ್ಲೈ, ಆಗಾಗ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ).

ಅಪ್‌ಕಟ್ ಸ್ಪೈರಲ್ (ಮೇಲ್ಮುಖವಾಗಿ ಸುರುಳಿ ಸುತ್ತಿದ) ಬಿಟ್ ಹೊಟ್ಟನ್ನು ಚೆನ್ನಾಗಿ ಮೇಲೆತ್ತುತ್ತದೆ, ಆದರೆ ಮೇಲಿನ ಲ್ಯಾಮಿನೇಟ್ ಅಂಚು ಕಿತ್ತುಬರುತ್ತದೆ. ಎರಡೂ ಕಡೆಯ ಅಂಚನ್ನು ಒಳಕ್ಕೆ ಒತ್ತಿ ಕತ್ತರಿಸುವ ಕಂಪ್ರೆಷನ್ ಬಿಟ್ ಬೆಲೆ ಜಾಸ್ತಿ. ಅದಕ್ಕೇ 6 ಎಂಎಂ ಕಾರ್ಬೈಡ್ ಸ್ಟ್ರೇಟ್ ಬಿಟ್ (ಸುರುಳಿಯಿಲ್ಲದ ನೇರ ಅಲಗಿನದು) ನೋಡುತ್ತಿದ್ದೇನೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬೇಡ, ಪ್ಲೈ ಅಂಟಿಗೆ ಬೇಗ ಮೊಂಡಾಗುತ್ತದೆ.

ಗೊಂದಲ ಇರುವುದು ಧಾರೆ (ಕತ್ತರಿಸುವ ಅಲಗು) ಎಷ್ಟಿರಬೇಕು ಅನ್ನುವುದರಲ್ಲಿ. ಎರಡು ಧಾರೆಯದಾದರೆ ಅಂಚು ನುಣುಪು. ಆದರೆ ಸ್ಟ್ರೇಟ್ ಬಿಟ್ ಹೊಟ್ಟನ್ನು ಮೇಲೆತ್ತುವುದಿಲ್ಲ, ಆಳದ ತೋಡಿನಲ್ಲಿ ತುಂಬಿಕೊಂಡು ಬಿಸಿಯಾಗುತ್ತದೆ ಅಲ್ವಾ? ಒಂದೇ ಧಾರೆಯದು ವಾಸಿಯಾ?

18,000 ಆರ್‌ಪಿಎಂ, ನಿಮಿಷಕ್ಕೆ 3 ಮೀಟರ್ ಫೀಡ್ (ಬಿಟ್ ಮುಂದೆ ಸಾಗುವ ವೇಗ) ಇಟ್ಟರೆ ಪ್ರತಿ ಸುತ್ತಿಗೆ ಎರಡು ಧಾರೆಗೆ ತಲಾ 0.08 ಎಂಎಂ ಕಡಿತ ಬರುತ್ತದೆ. ಪ್ಲೈಗೆ ಇದು ಸಾಕಾ? ಒಂದು ಪಾಸಿಗೆ 6 ಎಂಎಂ ಆಳ ಇಳಿಸಬಹುದಾ? ಕಟಿಂಗ್ ಉದ್ದ 22 ಎಂಎಂ ಸಾಕು ಅನಿಸುತ್ತದೆ, ಸುಮ್ನೆ ಉದ್ದದ್ದು ತಗೊಂಡರೆ ನಡುಗುತ್ತದೆ.

ನನ್ನ ಕೊಲೆಟ್ (ಬಿಟ್ ಹಿಡಿಯುವ ಭಾಗ) 6 ಎಂಎಂ, ಕಾಲು ಇಂಚಿನ ಶ್ಯಾಂಕ್ (ಬಿಟ್‌ನ ಹಿಡಿ) ಹಿಡಿಯುವುದಿಲ್ಲ. ಇದೇ ಮೆಟೀರಿಯಲ್ ಮೇಲೆ ಬಳಸಿದವರು ಹೇಳಿ. ಒಂದು ಬಿಟ್ ಎಷ್ಟು ಶೀಟ್ ಬಾಳಿತು ಅಂತಲೂ ತಿಳಿಸಿ.