ಸಹಾಯ ಬೇಕು: ರಾಜಿ ಆದ ಮೇಲೂ ಕೇಸ್ ಮುಗಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಹೊಲದ ಬದುವಿನ ವಿಚಾರಕ್ಕೆ ನನ್ನ ತಮ್ಮನಿಗೂ ದಾಯಾದಿಗಳಿಗೂ ಹೊಡೆದಾಟ ಆಗಿತ್ತು. ತಮ್ಮನ ಕೈಯಲ್ಲಿ ಕುಡುಗೋಲು ಇತ್ತು, ಅವರ ತೋಳಿಗೆ ಗಾಯವಾಯಿತು. ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ (ಅಪರಾಧ ಮತ್ತು ಶಿಕ್ಷೆಯ ಕಾನೂನು) 115(2), 118(1), 352 ಮತ್ತು 351(2) ಕಲಂ ಹಾಕಿದ್ದಾರೆ. ಚಾರ್ಜ್‌ಶೀಟ್ ಕೂಡ ಆಗಿದೆ.

ಈಗ ಹಿರಿಯರು ಕೂರಿಸಿ ರಾಜಿ ಮಾಡಿಸಿದ್ದಾರೆ. ಆಸ್ಪತ್ರೆ ಖರ್ಚು ಕೊಟ್ಟಿದ್ದೇವೆ. ಎರಡೂ ಮನೆಯವರಿಗೆ ಕೇಸ್ ಬೇಡ. ಲೋಕ ಅದಾಲತ್‌ನಲ್ಲಿ ಮುಗಿಸೋಣ ಅಂತ ಹೋದೆವು. ಸಾದಾ ಹಲ್ಲೆ, ಬೈದದ್ದು, ಬೆದರಿಕೆ, ಇವೆಲ್ಲ ರಾಜಿ ಆಗುತ್ತವೆ, ಆದರೆ ಆಯುಧದಿಂದ ಗಾಯ ಮಾಡಿದ 118(1) ರಾಜಿ ಪಟ್ಟಿಯಲ್ಲೇ ಇಲ್ಲ ಅಂದರು. ಅದಕ್ಕೆ 3 ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದಂತೆ.

ನನಗೆ ಅರ್ಥವಾಗದ್ದು ಇಲ್ಲೇ. ಮೂಳೆ ಮುರಿಯುವಂಥ ಗಾಯದ 117(2)ಕ್ಕೆ ಕೋರ್ಟ್ ಅನುಮತಿ ಪಡೆದು ರಾಜಿ ಆಗಬಹುದು, ಇದಕ್ಕೆ ಮಾತ್ರ ಯಾಕಿಲ್ಲ? ಒಬ್ಬ ವಕೀಲರು ಧಾರವಾಡ ಹೈಕೋರ್ಟ್ ಪೀಠದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸ್ ನಡೆಸುವ ವಿಧಾನದ ಕಾನೂನು) 528ನೇ ಕಲಂ ಅಡಿ ಕೇಸ್ ರದ್ದು ಮಾಡಿಸಿ ಅನ್ನುತ್ತಾರೆ. ಇನ್ನೊಬ್ಬರು ಸುಮ್ನೆ ಖರ್ಚು ಜಾಸ್ತಿ, ವಿಚಾರಣೆಯಲ್ಲೇ ಬಿದ್ದುಹೋಗುತ್ತೆ ಅನ್ನುತ್ತಾರೆ. ತಮ್ಮ ಸರ್ಕಾರಿ ಕೆಲಸಕ್ಕೆ ಓದುತ್ತಿದ್ದಾನೆ, ಅದೇ ದೊಡ್ಡ ಚಿಂತೆ.

ಇಂಥ ಕೇಸ್ ನಡೆಸಿದವರು, ವಕೀಲರು ಇದ್ದರೆ ದಯವಿಟ್ಟು ತಿಳಿಸಿ: 118(1) ಇರುವಾಗ ರಾಜಿಪತ್ರ ಇಟ್ಟುಕೊಂಡು ಹೈಕೋರ್ಟ್‌ಗೆ ಹೋಗುವುದು ಸರಿಯಾ, ಇಲ್ಲ ಇಲ್ಲೇ ವಿಚಾರಣೆ ಮುಗಿಸುವುದು ಒಳ್ಳೆಯದಾ?